ಎರಡು ವೃತ್ತಗಳ ಆಡು

ಶಹಾಪುರದ ಆರು ವರ್ಷದ ಮಗುವೊಂದು ಶಾಲೆಯಲ್ಲಿ ಕಲಿತ ಆಡಿನ ಚಿತ್ರವನ್ನು ಮನೆಯಲ್ಲಿ ತೋರಿಸಿತು. ದೊಡ್ಡ ವೃತ್ತ ಹೊಟ್ಟೆ, ಚಿಕ್ಕ ವೃತ್ತ ತಲೆ, ನಾಲ್ಕು ಗೆರೆ ಕಾಲು. ಚಾಚಾ ಹಾಳೆಯನ್ನು ಹರಿದು ಹಾಕಿದರು. ಮಗು ನನ್ನ ಬಳಿ ಬಂದು, "ಉಸ್ತಾದ್, ನಾನು ಪಾಪ ಮಾಡಿದೆನಾ?" ಎಂದು ಕೇಳಿತು.

ಪ್ರಿಯ ಓದುಗರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಚಿತ್ರಕಲೆಗೆ ಹೆಸರಾದ ಸುರಪುರದ ನೆರೆಯಲ್ಲಿರುವ ನಾವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರೆವು.

ಚಾಚಾರ ಭಯ ನಿರಾಧಾರವಲ್ಲ. ಜೀವಿಗಳ ರೂಪ ರಚಿಸುವವರಿಗೆ ಪ್ರವಾದಿವರ್ಯರು(ಸ) ಎಚ್ಚರಿಕೆ ನೀಡಿದ್ದಾರೆ. ಹ. ಇಬ್ನು ಅಬ್ಬಾಸ್(ರ) ಒಬ್ಬ ಚಿತ್ರಕಾರನಿಗೆ ಮರಗಳನ್ನೂ ನಿರ್ಜೀವ ವಸ್ತುಗಳನ್ನೂ ಬಿಡಿಸಲು ಸೂಚಿಸಿದ್ದರು. ಆದರೆ ಹ. ಆಯಿಶಾ(ರ)ರ ಆಟಿಕೆಗಳಲ್ಲಿ ರೆಕ್ಕೆಯ ಕುದುರೆಯೊಂದಿತ್ತು. ಅದರ ಬಗ್ಗೆ ಅವರು ಕೊಟ್ಟ ಉತ್ತರಕ್ಕೆ ಪ್ರವಾದಿವರ್ಯರು(ಸ) ನಕ್ಕರೆಂದು ಅಬೂದಾವೂದ್‌ನಲ್ಲಿದೆ. ಮಕ್ಕಳ ಆಟಿಕೆಗೆ ಅನೇಕ ವಿದ್ವಾಂಸರು ವಿನಾಯಿತಿ ನೀಡಿದ್ದಾರೆ. ಕಾಗದದ ಚಿತ್ರದ ಬಗ್ಗೆ ಭಿನ್ನಾಭಿಪ್ರಾಯವಿದೆ.

ನಾನು ಮಗುವಿಗೆ ಅಂಗಳದ ಆಡನ್ನು ತೋರಿಸಿದೆ. "ನಿನ್ನ ಆಡು ಹೀಗೆ ಮೇಯುತ್ತದೆಯೇ?"

"ಇಲ್ಲ ಉಸ್ತಾದ್, ಅದು ಬರೀ ಗೆರೆ" ಎಂದು ನಕ್ಕಿತು. ಜೀವ ಕೊಡುವವನು ಅಲ್ಲಾಹನೊಬ್ಬನೇ ಎಂಬ ಪಾಠ ಆ ನಗುವಿನಲ್ಲೇ ಇತ್ತು.

ಪ್ರಾಯಕ್ಕೆ ಬರುವ ತನಕ ಮಗುವಿನ ಲೆಕ್ಕದಲ್ಲಿ ಪಾಪ ಬರೆಯಲ್ಪಡುವುದಿಲ್ಲ. ನಮ್ಮ ಲೆಕ್ಕ ಮಾತ್ರ ತೆರೆದೇ ಇದೆ. ಎಚ್ಚರಿಕೆಯ ಹಾದಿಯನ್ನೇ ಹಿಡಿಯುವಿರಾದರೆ ಮಗುವಿನ ಕೈಗೆ ಬೇವಿನ ಮರದ ಚಿತ್ರ ಕೊಡಿರಿ. ಹಾಳೆಯನ್ನು ಹರಿಯಬೇಡಿರಿ. ಹರಿದದ್ದು ಹಾಳೆಯೊಂದೇ ಆಗಿರುವುದಿಲ್ಲ.