ಹಿಟ್ಟಿನ ಕೋಳಿ, ಕಾಗದದ ಕೊಲೆ

ಹಬ್ಬದ ದಿನ ಮನೆಯಲ್ಲಿ ಸಾವಿನ ಮಾತೆತ್ತಬಾರದೆಂಬುದು ಹಿರಿಯರ ಕಟ್ಟಳೆ. ಆದರೆ ಅದೇ ಹಬ್ಬದ ಮಧ್ಯಾಹ್ನ ಎಣ್ಣೆ ಸ್ನಾನ ಮುಗಿಸಿ, ಹೋಳಿಗೆ ಉಂಡು, ಗೋಡೆಗೊರಗಿ ಕುಳಿತು ಕೊಲೆಯ ಕಥೆ ಓದುವವರು ನಮ್ಮಲ್ಲಿ ಕಡಿಮೆಯಿಲ್ಲ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಅಗಾಥಾ ಕ್ರಿಸ್ಟಿಯವರ ಹೊಸ ಪುಸ್ತಕವೊಂದು ಕೈಸೇರುವುದು ಬಹುಕಾಲ ವಾಡಿಕೆಯಾಗಿತ್ತು. 1938ರ ಒಂದು ಕಾದಂಬರಿಯಲ್ಲಂತೂ ಹಬ್ಬಕ್ಕೆ ಕೂಡಿದ ಕುಟುಂಬದ ನಡುವೆಯೇ ಮುದಿ ಯಜಮಾನನ ಕೊಲೆಯಾಗುತ್ತದೆ. ಅಮೆರಿಕದಲ್ಲಿ ಎಲರಿ ಕ್ವೀನ್ ಎಂಬ ಹೆಸರಿನಲ್ಲಿ ಬರೆದವರು 1929ರಿಂದಲೇ ಕಥೆಯನ್ನು ಕೊನೆಗೆ ಮುಂಚೆ ನಿಲ್ಲಿಸಿ, ಸುಳಿವುಗಳೆಲ್ಲ ನಿಮ್ಮ ಮುಂದಿವೆ, ಇನ್ನು ಅಪರಾಧಿಯನ್ನು ನೀವೇ ಹುಡುಕಿರೆಂದು ಓದುಗರಿಗೆ ಸವಾಲೊಡ್ಡಿದರು.

ಕನ್ನಡದಲ್ಲಿ ಈ ರುಚಿ ಹತ್ತಿಸಿದವರಲ್ಲಿ ಎನ್. ನರಸಿಂಹಯ್ಯನವರು ಪ್ರಮುಖರು. ನಾಲ್ಕನೆಯ ತರಗತಿಗೆ ಶಾಲೆ ಮುಗಿಸಿದವರು ಐನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ನಮ್ಮ ಸಂಘಗಳ ಅಂಗಳದಲ್ಲಿ ಹಾರುವ ಹಳದಿ ಕೆಂಪು ಬಾವುಟವನ್ನು ರೂಪಿಸಿಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. 1956ರಲ್ಲಿ ಬೀದರ್ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡಗಳೂ ಕಲಬುರಗಿ ಜಿಲ್ಲೆಯಿಂದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದ ಮೇಲೆ ನಮ್ಮ ಪಾಲಿನ ಕನ್ನಡ ಮನೆಮಾತಾಗಿ ಉಳಿಯಿತೇ ಹೊರತು ಪಾಠದ ಮಾತಾಗಿ ಉಳಿಯಲಿಲ್ಲ. ಬೀದರಿಗೆ ಹೋದವರು ತರುತ್ತಿದ್ದ ರಟ್ಟು ಹರಿದ ಇಂಥ ಪುಸ್ತಕಗಳಿಂದಲೇ ನಾವು ಕನ್ನಡವನ್ನು ಸರಾಗವಾಗಿ ಓದಲು ಕಲಿತೆವು. ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ.

ಆದರೂ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮನುಷ್ಯನೊಬ್ಬನ ಸಾವನ್ನು ಹಬ್ಬದ ಒಗಟಾಗಿಸಿ ಮನಸ್ಸನ್ನು ರಂಜಿಸಿಕೊಳ್ಳುವುದು ಸರಿಯೇ? ಕಾಗದದ ಮೇಲೆ ಸತ್ತವನು ಸತ್ತವನಲ್ಲವಲ್ಲ ಎಂದು ಸುಲಭವಾಗಿ ಉತ್ತರಿಸಬಹುದು. ಆದರೆ 1209ರಲ್ಲಿ ಜನ್ನ ಕವಿ ಬರೆದ ಯಶೋಧರ ಚರಿತೆ ಈ ಉತ್ತರಕ್ಕೆ ಅಡ್ಡ ನಿಲ್ಲುತ್ತದೆ. ಅಲ್ಲಿ ದೊರೆ ಯಶೋಧರನು ಜೀವಬಲಿಗೆ ಒಲ್ಲೆನೆಂದು, ತಾಯಿಯ ಮಾತಿಗೆ ಕಟ್ಟುಬಿದ್ದು, ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಕೋಳಿ ಹಿಟ್ಟಿನದು, ಸಂಕಲ್ಪ ಮಾತ್ರ ಕೊಲೆಯದು. ಅದರ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಕತ್ತಿಗೆ, ಹಲ್ಲಿಗೆ ಸಿಕ್ಕಿ ಸಾಯುತ್ತಾರೆ. ಹಾಗಾದರೆ ನಮ್ಮ ಕಾಗದದ ಹೆಣವೂ ಹಿಟ್ಟಿನ ಕೋಳಿಯೇ?

ಅಲ್ಲವೆಂದೇ ನಮ್ಮ ಎಣಿಕೆ. ಓದುಗನ ಸಂಕಲ್ಪ ಕೊಲ್ಲುವುದಲ್ಲ, ಕೊಂದವನನ್ನು ಹುಡುಕುವುದು. ಆದರೆ ಆ ಹುಡುಕಾಟವೂ ನಿರಪಾಯವಲ್ಲವೆಂಬುದನ್ನು ನಾವು ತಿಳಿದದ್ದು ಪುಸ್ತಕದಿಂದಲ್ಲ.

ಮುಖ್ಯೋಪಾಧ್ಯಾಯರಾಗಿದ್ದ ಕಾಲದಲ್ಲಿ, ಕನ್ನಡ ಮನೆಮಾತಿನ ಮಕ್ಕಳಿಗೆ ಓದುವ ರೂಢಿ ತಪ್ಪದಿರಲೆಂದು, ದೀಪಾವಳಿ ರಜೆಗೆ ನಾವೇ ಒಂದು ಕೊಲೆಯ ಕಥೆ ಬರೆದು ಪ್ರತಿ ತೆಗೆಸಿ ಹಂಚಿದೆವು. ಲಕ್ಷ್ಮೀಪೂಜೆಯ ರಾತ್ರಿ ಸಾಹುಕಾರನೊಬ್ಬ ತನ್ನ ಕೋಣೆಯಲ್ಲಿ ಸತ್ತುಬಿದ್ದಿದ್ದಾನೆ. ಮನೆಯಲ್ಲಿ ತಮ್ಮ, ಅಳಿಯ, ಲೆಕ್ಕದ ಗುಮಾಸ್ತ, ನೀರು ತಂದು ಮುಸುರೆ ತಿಕ್ಕುವ ಕೆಲಸದಾಕೆ ಇದ್ದರು. ನಡುರಾತ್ರಿ ಕೋಣೆಯೊಳಗಿನ ಹಣತೆಯ ಬೆಳಕಿನಲ್ಲಿ ಮಾವ ಮಲಗಿರುವುದನ್ನು ನೋಡಿದೆನೆಂದು ಅಳಿಯ ಹೇಳುತ್ತಾನೆ. ಮುಂಜಾನೆ ನೋಡಿದರೆ ಆ ಹಣತೆಯ ಬತ್ತಿ ಹೊಚ್ಚಹೊಸದು, ತುದಿ ಕಪ್ಪಾಗಿಯೂ ಇಲ್ಲ. ಸುಳಿವು ಇಷ್ಟೇ. ಬಹುಮಾನ, ಕನ್ನಡ ಪುಸ್ತಕ.

ಉತ್ತರದ ಚೀಟಿಗಳಲ್ಲಿ ಬತ್ತಿಯನ್ನು ಗಮನಿಸಿದವು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಹೆಚ್ಚಿನವರು ಕೆಲಸದಾಕೆಯ ಹೆಸರು ಬರೆದಿದ್ದರು. ಕಾರಣ ಕೇಳಿದರೆ, ಆಕೆ ಬಡವಿ, ಹಣದಾಸೆಗೆ ಕೊಂದಿರಬೇಕು. ಆಕೆಯ ವಿರುದ್ಧ ಕಥೆಯಲ್ಲಿ ಒಂದು ಮಾತೂ ಇರಲಿಲ್ಲ. ಒಂದು ಚೀಟಿಯಲ್ಲಿ ಮಾತ್ರ ಅಪರಾಧಿಯ ಹೆಸರೇ ಇಲ್ಲ. "ಸರ್, ನಮ್ಮವ್ವನೂ ಮಂದಿ ಮನ್ಯಾಗ ಮುಸುರಿ ತಿಕ್ಕತಾಳ್ರಿ. ಆಕಿ ಕೊಂದಿಲ್ರಿ" ಎಂದಷ್ಟೇ ಇತ್ತು. ಗೆಳೆಯರು ಏನು ಬರೆಯುತ್ತಿದ್ದಾರೆಂಬುದು ಆ ಹುಡುಗನಿಗೆ ಮೊದಲೇ ಗೊತ್ತಾಗಿತ್ತೆಂದು ತೋರುತ್ತದೆ. ಅಳಿಯನ ಹೆಸರು ಬರೆದವರಿಗೆ ಬಹುಮಾನ ಕೊಟ್ಟೆವು. ಅವನಿಗೆ ಕೊಡಲಿಲ್ಲ, ಉತ್ತರ ಅಪೂರ್ಣವೆಂದು. ಆ ದಿನ ನಮಗೆ ಅದು ನ್ಯಾಯವಾಗಿಯೇ ಕಂಡಿತ್ತು.

1928ರಲ್ಲಿ ಅಮೆರಿಕದ ವ್ಯಾನ್ ಡೈನ್ ಎಂಬ ಲೇಖಕರು ಪತ್ತೇದಾರಿ ಕಥೆಗೆ 20 ನಿಯಮಗಳನ್ನು ಕಟ್ಟಿದರು. ಸೇವಕನನ್ನು ಅಪರಾಧಿಯಾಗಿಸಬಾರದು, ಅದು ತೀರ ಸುಲಭದ ಉತ್ತರ ಎಂಬುದು ಅವುಗಳಲ್ಲೊಂದು. ಅವರ ಚಿಂತೆ ಕಥೆಯ ಸೊಗಸಿನದು, ಸೇವಕನ ಮಾನದ್ದಲ್ಲ. ಮಾನದ ಮಾತು ನಮ್ಮ ಬೇತಾಳ ಕಥೆಯಲ್ಲಿದೆ. ಗಿಡುಗವೊಂದು ಹಾವನ್ನು ಕಚ್ಚಿಕೊಂಡು ಹೋಗುವಾಗ ವಿಷದ ಹನಿ ಕೆಳಗಿದ್ದ ಅನ್ನದ ಪಾತ್ರೆಗೆ ಬೀಳುತ್ತದೆ. ಉಂಡ ಬಡ ಬ್ರಾಹ್ಮಣ ಸಾಯುತ್ತಾನೆ. ಭಿಕ್ಷೆ ನೀಡಿದ ಗೃಹಿಣಿಯನ್ನು ಗಂಡನೇ ಕೊಲೆಗಾತಿಯೆಂದು ಹೊರಗಟ್ಟುತ್ತಾನೆ. ಪಾಪ ಯಾರದೆಂದು ಬೇತಾಳ ಕೇಳುತ್ತದೆ. ಹಾವು ಪರವಶ, ಗಿಡುಗಕ್ಕೆ ಹಸಿವು, ನೀಡಿದವಳು ಧರ್ಮ ಮಾಡಿದವಳು. ವಿಚಾರಿಸದೆ ಇವರಲ್ಲೊಬ್ಬರನ್ನು ದೋಷಿಯೆನ್ನುವವನಿಗೇ ಪಾಪ ಎಂದು ರಾಜ ಉತ್ತರಿಸುತ್ತಾನೆ. 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿಯೂ ಈ ಕಥೆಯಿದೆ. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆವೋ! ನಮ್ಮದೇ ಚೀಟಿಗಳನ್ನು ತಿದ್ದುವಾಗ ಅದು ನೆನಪಿಗೆ ಬರಲಿಲ್ಲ.

ಹೀಗೆಂದು ಕೊಲೆಯ ಒಗಟುಗಳನ್ನು ಮನೆಯಿಂದ ಹೊರಗಿಡಬೇಕೆಂದು ನಾವು ಹೇಳುವುದಿಲ್ಲ. ಮೊಮ್ಮಕ್ಕಳು ಮೊಬೈಲಿನಲ್ಲಿ ಅವನ್ನು ಬಿಡಿಸುವಾಗ ಪಕ್ಕದಲ್ಲಿ ಕುಳಿತು ನಾವೂ ಊಹಿಸುತ್ತೇವೆ. ಯಾರು ಕೊಂದರೆಂದು ಕೇಳುವುದರ ಜೊತೆಗೆ, ನಿನಗೆ ಮೊದಲು ಯಾರ ಮೇಲೆ ಅನುಮಾನ ಬಂತು, ಏಕೆ ಬಂತು ಎಂದೂ ಕೇಳುತ್ತೇವೆ. ಮಕ್ಕಳಿಗೆ ಇದು ಬೇಸರ. ಅಜ್ಜ ಆಟ ಕೆಡಿಸುತ್ತಾರೆಂದು ದೂರು ಹೇಳುತ್ತಾರೆ. ಅದೂ ನಿಜವಿರಬಹುದು.

ಮರುವರ್ಷದ ದೀಪಾವಳಿಗೂ ಕಥೆ ಬರೆದೆವು. ಈ ಬಾರಿ ಕೆಲಸದಾಕೆಯ ಪಾತ್ರವನ್ನೇ ಕೈಬಿಟ್ಟೆವು. ಮನೆಯವರಲ್ಲದೆ ಬಳೆ ಮಾರಲು ಬಂದು ಜಗುಲಿಯ ಮೇಲೆ ರಾತ್ರಿ ತಂಗಿದ ಬಳೆಗಾರನೊಬ್ಬನಿದ್ದ. ಚೀಟಿಗಳಲ್ಲಿ ಹೆಚ್ಚಿನವು ಅವನ ಹೆಸರನ್ನು ಹೊತ್ತು ಬಂದವು. ಅವನು ಪರವೂರಿನವನೆಂದು ಕಥೆಯಲ್ಲಿ ಒಂದು ಮಾತು ಬರೆದಿದ್ದೆವು.