ಜಾತಿ, ವ್ಯಕ್ತಿ ಮತ್ತು ದತ್ತಾಂಶದ ಪ್ರಕಾರ

ಗದಗ ಜಿಲ್ಲೆಯ ಗಜೇಂದ್ರಗಡದ ಸಮೀಪವಿರುವ ಸೂಡಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ‘ಕಿಸುಕಾಡು ಎಪ್ಪತ್ತು’ ಎಂಬ ನಾಡಿನ ಮುಖ್ಯ ಪಟ್ಟಣವಾಗಿತ್ತು. ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ 11ನೆಯ ಶತಮಾನದಲ್ಲಿ ಆ ನಾಡನ್ನು ಆಳಿದಳು. ಆ ಕಾಲದ ದಾನಶಾಸನಗಳಲ್ಲಿ ಸಂಖ್ಯೆಯೊಂದು ಒಂಟಿಯಾಗಿ ನಿಲ್ಲುವುದಿಲ್ಲ. ನೆಲವಾದರೆ ಮತ್ತರು, ಹಣವಾದರೆ ಗದ್ಯಾಣ ಅಥವಾ ಪಣ, ಕಾಳಾದರೆ ಕೊಳಗ ಎಂಬ ಅಳತೆ ಅದರ ಜೊತೆಗಿರುತ್ತದೆ. ನೆಲವನ್ನು ಯಾವ ಕೋಲಿನಿಂದ ಅಳೆಯಲಾಯಿತೆಂಬುದನ್ನೂ ಅನೇಕ ಶಾಸನಗಳು ಹೇಳುತ್ತವೆ. ಬರಿಯ ‘ಹನ್ನೆರಡು’ ಉಳುವುದಕ್ಕೋ, ಖರ್ಚುಮಾಡುವುದಕ್ಕೋ, ಅಳೆದು ಕೊಡುವುದಕ್ಕೋ ತಿಳಿಯದು. ಸಂಖ್ಯೆಯ ವಿಷಯದಲ್ಲಿ ಯಾವ ಪ್ರಶ್ನೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ಅದರ ಬಗೆಯೇ ಗೊತ್ತುಪಡಿಸುತ್ತದೆ. ಕಂಪ್ಯೂಟರ್ ಭಾಷೆಗಳಲ್ಲಿ ದತ್ತಾಂಶದ ಪ್ರಕಾರ, ಅಂದರೆ ಡೇಟಾ ಟೈಪ್, ಮಾಡುವ ಕೆಲಸವೂ ಇದೇ.

ಕಂಪ್ಯೂಟರಿನ ಸ್ಮೃತಿಯಲ್ಲಿರುವುದು ಸೊನ್ನೆ ಮತ್ತು ಒಂದುಗಳ ಸಾಲು ಮಾತ್ರ; 32 ಬಿಟ್‌ಗಳ ಅಂಥ ಒಂದು ಸಾಲು ಪೂರ್ಣಾಂಕವಾಗಬಹುದು, ದಶಮಾಂಶ ಸಂಖ್ಯೆಯಾಗಬಹುದು, ಪರದೆಯ ಮೇಲಿನ ಬಣ್ಣವೂ ಆಗಬಹುದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1995ರಲ್ಲಿ ಹೊರತಂದ ಜಾವಾ ಭಾಷೆಯಲ್ಲಿ ಇಂತಹ ಮೂಲ ಪ್ರಕಾರಗಳು ಎಂಟಿದ್ದು, ಅವುಗಳಲ್ಲಿ 32 ಬಿಟ್‌ಗಳ ‘ಇಂಟ್’ ಪೂರ್ಣಾಂಕವನ್ನೂ 64 ಬಿಟ್‌ಗಳ ‘ಡಬಲ್’ ದಶಮಾಂಶವನ್ನೂ ಸೂಚಿಸುತ್ತವೆ, ‘ಬೂಲಿಯನ್’ಗೆ ನಿಜ ಮತ್ತು ಸುಳ್ಳು ಎಂಬ ಎರಡೇ ಬೆಲೆಗಳಿವೆ. ಪಠ್ಯಪುಸ್ತಕಗಳು ಪ್ರಕಾರವನ್ನು ಡಬ್ಬಿಗೆ ಹೋಲಿಸುವುದುಂಟು. ಆದರೆ ಡಬ್ಬಿ ತನ್ನಲ್ಲಿ ಎಷ್ಟು ಹಿಡಿಯುತ್ತದೆಂಬುದನ್ನು ಹೇಳುತ್ತದೆಯೇ ಹೊರತು ಒಳಗಿನದನ್ನು ಏನು ಮಾಡಬಹುದೆಂಬುದನ್ನು ಹೇಳುವುದಿಲ್ಲವಾದ್ದರಿಂದ ಆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಬೂಲಿಯನ್ ಒಂದನ್ನು ಇಂಟ್‌ನಿಂದ ಗುಣಿಸಹೊರಟರೆ, ಪ್ರೋಗ್ರಾಂ ಓಡುವ ಮೊದಲೇ, ಬರೆದದ್ದನ್ನು ಯಂತ್ರಕ್ಕಾಗಿ ಅನುವಾದಿಸುವ ಕಂಪೈಲರ್ ಅದನ್ನು ತಡೆಯುತ್ತದೆ. ಹಾಗೆಂದು ಪ್ರಕಾರವು ಉತ್ತರದ ಸತ್ಯಕ್ಕೆ ಹೊಣೆಯಲ್ಲ: ಇಂಟ್‌ನ ಗರಿಷ್ಠ ಬೆಲೆಯಾದ 2147483647ಕ್ಕೆ ಒಂದನ್ನು ಕೂಡಿಸಿದರೆ ಜಾವಾ ಯಾವ ದೂರನ್ನೂ ಹೇಳದೆ ಋಣ 2147483648 ಎಂಬ ಉತ್ತರವನ್ನು ಕೊಡುತ್ತದೆ.

ಮತ್ತರು ಮತ್ತು ಗದ್ಯಾಣ ಎರಡನ್ನೂ ಇಂಟ್ ಎಂದೇ ಬರೆದುಕೊಂಡರೆ ಅವನ್ನು ಒಂದಕ್ಕೊಂದು ಕೂಡಿಸುವುದನ್ನೂ ಕಂಪೈಲರ್ ತಡೆಯಲಾರದು. ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಿಂದ ಬಂದ ‘ಕ್ಲಾಸ್’ ಎಂಬ ಕಲ್ಪನೆ ಈ ಕೊರತೆಯನ್ನು ತುಂಬುತ್ತದೆ. ಪ್ರೋಗ್ರಾಂ ಬರೆಯುವವರೇ ‘ಮತ್ತರು’ ಎಂಬ ಹೊಸ ಪ್ರಕಾರವನ್ನು ಕಟ್ಟಿ, ಅದರಲ್ಲಿ ಪ್ರಮಾಣವನ್ನೂ ಕೋಲಿನ ಹೆಸರನ್ನೂ ಇರಿಸಿ, ಕೂಡಿಸುವ ವಿಧಾನವನ್ನು ಮತ್ತೊಂದು ಮತ್ತರಿಗೆ ಮಾತ್ರ, ಅದೂ ಕೋಲುಗಳನ್ನು ಸರಿಹೊಂದಿಸಿದ ಮೇಲೆಯೇ, ಅನ್ವಯಿಸುವಂತೆ ಬರೆಯಬಹುದು. ಆ ಬರಹವೇ ಕ್ಲಾಸ್. ಅದರಂತೆ ಸ್ಮೃತಿಯಲ್ಲಿ ಮೂಡುವ ಒಂದೊಂದು ಮತ್ತರೂ ಒಂದೊಂದು ‘ಆಬ್ಜೆಕ್ಟ್’.

ಒಂದು ಬಗೆಗೂ ಆ ಬಗೆಯ ಒಂದೊಂದು ವಸ್ತುವಿಗೂ ಇರುವ ಸಂಬಂಧವೇನೆಂಬ ಪ್ರಶ್ನೆಯನ್ನು ಭಾರತೀಯ ತರ್ಕ ಬಹು ಹಿಂದೆಯೇ ಎತ್ತಿಕೊಂಡಿತ್ತು. ಪದವೊಂದರ ಅರ್ಥವು ವ್ಯಕ್ತಿ, ಆಕೃತಿ, ಜಾತಿ ಈ ಮೂರೂ ಆಗಿದೆ ಎಂಬುದು ನ್ಯಾಯಸೂತ್ರದ ನಿಲುವು. ಇಲ್ಲಿ ವ್ಯಕ್ತಿಯೆಂದರೆ ಕಣ್ಣೆದುರಿನ ಒಂದು ವಸ್ತು, ಆಕೃತಿಯೆಂದರೆ ಅದರ ಅವಯವಗಳ ಜೋಡಣೆ, ಜಾತಿಯೆಂದರೆ ಅನೇಕ ವ್ಯಕ್ತಿಗಳಲ್ಲಿ ಒಂದೇ ಆಗಿ ನೆಲೆಸಿರುವ ಸಾಮಾನ್ಯ ಧರ್ಮ. ಸಮಾಜದ ಜಾತಿಗೂ ಇದಕ್ಕೂ ಸಂಬಂಧವಿಲ್ಲ. ಈ ಚರ್ಚೆ ಸೂಡಿಯ ಸುತ್ತಲಿನ ನಾಡಿಗೆ ಅಪರಿಚಿತವಾಗಿರಲಿಲ್ಲ, ಏಕೆಂದರೆ ಚಾಲುಕ್ಯರ ಕಾಲದ ಶಾಸನಗಳು ಇಲ್ಲಿನ ದೇವಾಲಯಗಳ ಕಾಳಾಮುಖ ಶೈವ ಆಚಾರ್ಯರನ್ನು ನ್ಯಾಯ, ವೈಶೇಷಿಕಗಳಲ್ಲಿ ಪಾರಂಗತರೆಂದು ಹೊಗಳುತ್ತವೆ.

ವೈಶೇಷಿಕರಿಗೆ ಇನ್ನೊಂದು ತೊಡಕೂ ಎದುರಾಯಿತು. ಜಾತಿಯೂ ಗುಣವೂ ಒಂದೇ ಆಗಿರುವ ಎರಡು ಪರಮಾಣುಗಳನ್ನು ಬೇರೆಬೇರೆಯಾಗಿ ಉಳಿಸುವುದೇನು ಎಂಬುದಕ್ಕೆ ಅವರು ‘ವಿಶೇಷ’ ಎಂಬ ಪ್ರತ್ಯೇಕ ಪದಾರ್ಥವನ್ನೇ ಒಪ್ಪಿಕೊಂಡರು. ಸೂಡಿಯ ಜೋಡು ಕಳಸದ ಗುಡಿಯಲ್ಲಿ ಎದುರುಬದುರಾಗಿರುವ ಎರಡು ಗರ್ಭಗೃಹಗಳು ಅಳತೆಯಲ್ಲಿಯೂ ಅಲಂಕಾರದಲ್ಲಿಯೂ ಕೂದಲೆಳೆಯಷ್ಟೂ ಭೇದವಿಲ್ಲದಂತಿವೆಯೆಂದು ಭಾವಿಸಿದರೂ ಅವು ಎರಡೇ ಹೊರತು ಒಂದಲ್ಲ. ಜಾವಾದಲ್ಲಿ ಎರಡು ಸಮಚಿಹ್ನೆಗಳನ್ನು ಹಾಕಿ ಆಬ್ಜೆಕ್ಟುಗಳನ್ನು ಹೋಲಿಸಿದರೆ ಭಾಷೆ ಕೇಳುವುದು ‘ಇವು ಒಂದೇ ವ್ಯಕ್ತಿಯೇ’ ಎಂದು. ಒಳಗಿನ ಬೆಲೆಗಳು ಸಮವೇ ಎಂದು ಕೇಳಲು ‘ಈಕ್ವಲ್ಸ್’ ಎಂಬ ಬೇರೆ ವಿಧಾನವಿದ್ದು, ಸಮತೆಯೆಂದರೇನೆಂಬುದನ್ನು ಕ್ಲಾಸ್ ಬರೆದವರು ಅದರಲ್ಲಿ ಹೇಳಬೇಕು. ಮೂಲ ಪ್ರಕಾರಗಳಿಗೆ ಈ ತೊಡಕಿಲ್ಲ. ಐದು ಎಲ್ಲಿ ಬಂದರೂ ಐದೇ.

ಹೋಲಿಕೆ ಅತ್ಯಂತ ಬಿಗಿಯಾಗುವುದು ಉದಯನಾಚಾರ್ಯರಲ್ಲಿ. ಮಿಥಿಲೆಯ ಈ ನೈಯಾಯಿಕರು, ಅಕ್ಕಾದೇವಿಗೆ ತುಸು ಹಿಂದಿನವರು, ‘ಕಿರಣಾವಲೀ’ ಎಂಬ ತಮ್ಮ ವ್ಯಾಖ್ಯಾನದಲ್ಲಿ ಎಂಥ ಧರ್ಮವನ್ನು ಜಾತಿಯೆನ್ನಲಾಗದು ಎಂಬುದಕ್ಕೆ ಆರು ಬಾಧಕಗಳನ್ನು ಹೇಳಿದ್ದಾರೆ. ಅವುಗಳಲ್ಲಿ ‘ಸಂಕರ’ ಒಂದು. ಪೃಥ್ವಿ, ಅಪ್, ತೇಜಸ್ಸು, ವಾಯು, ಆಕಾಶ ಇವು ಭೂತಗಳು. ಪೃಥ್ವಿ, ಅಪ್, ತೇಜಸ್ಸು, ವಾಯು, ಮನಸ್ಸು ಇವು ಮೂರ್ತಗಳು, ಅಂದರೆ ಸೀಮಿತ ಪರಿಮಾಣವುಳ್ಳವು. ಆಕಾಶ ಭೂತವಾದರೂ ಮೂರ್ತವಲ್ಲ, ಮನಸ್ಸು ಮೂರ್ತವಾದರೂ ಭೂತವಲ್ಲ, ಉಳಿದ ನಾಲ್ಕು ಎರಡೂ ಹೌದು. ಒಂದು ಮತ್ತೊಂದನ್ನು ಪೂರ್ತಿ ಒಳಗೊಳ್ಳದೆ ಹೀಗೆ ಅಡ್ಡಹಾಯುವ ಧರ್ಮಗಳು ಜಾತಿಯಾಗಲಾರವು. ಅವು ‘ಉಪಾಧಿ’ ಮಾತ್ರ, ಅಂದರೆ ವಿಂಗಡಣೆಯ ಅನುಕೂಲಕ್ಕಾಗಿ ಹೇಳಿಕೊಂಡ ಧರ್ಮ.

ಜಾವಾ ಭಾಷೆಯ ನಿಯಮ ಇದಕ್ಕೆ ಅಚ್ಚರಿಯಾಗುವಷ್ಟು ಹತ್ತಿರವಿದೆ. ಅಲ್ಲಿ ಒಂದು ಕ್ಲಾಸನ್ನು ಇನ್ನೊಂದರ ಒಳಬಗೆಯಾಗಿ ಬರೆಯಬಹುದು; ಆದರೆ ಹಾಗೆ ಬರೆದ ಕ್ಲಾಸಿಗೆ ನೇರ ಮೂಲಕ್ಲಾಸ್ ಒಂದೇ ಇರಬಹುದಾದ್ದರಿಂದ ಯಾವ ಎರಡು ಕ್ಲಾಸುಗಳನ್ನು ತೆಗೆದುಕೊಂಡರೂ ಒಂದು ಮತ್ತೊಂದರೊಳಗೆ ಸೇರಿರುತ್ತದೆ, ಇಲ್ಲವೇ ಎರಡಕ್ಕೂ ಸೇರಿದ ಆಬ್ಜೆಕ್ಟ್ ಒಂದೂ ಇರುವುದಿಲ್ಲ. ಅಡ್ಡಹಾಯುವ ಧರ್ಮಗಳಿಗಾಗಿ ‘ಇಂಟರ್‌ಫೇಸ್’ ಎಂಬ ಬೇರೆಯೇ ಏರ್ಪಾಡಿದ್ದು, ಒಂದು ಕ್ಲಾಸ್ ಎಷ್ಟು ಇಂಟರ್‌ಫೇಸ್‌ಗಳನ್ನಾದರೂ ಹೊರಬಹುದು. ಕಾರಣಗಳು ಮಾತ್ರ ಬೇರೆ. ನೈಯಾಯಿಕರಿಗಿದ್ದುದು ಜಗತ್ತಿನ ವ್ಯವಸ್ಥೆಯ ಚಿಂತೆ; ಜಾವಾದವರಿಗೆ, ಎರಡು ಮೂಲಕ್ಲಾಸುಗಳಲ್ಲಿ ಒಂದೇ ಹೆಸರಿನ ವಿಧಾನವಿದ್ದರೆ ಯಾವುದನ್ನು ನಡೆಸಬೇಕೆಂಬ ಗೊಂದಲ. ಸಿ++ ಭಾಷೆ ಸಂಕರವನ್ನು ಒಪ್ಪಿ, ಆ ಗೊಂದಲವನ್ನು ಬಿಡಿಸುವ ಹೊಣೆಯನ್ನು ಬರೆಯುವವರಿಗೇ ಬಿಟ್ಟಿದೆ.

ಆದರೂ ಕ್ಲಾಸನ್ನು ಜಾತಿಯೆಂದೇ ಕರೆದುಬಿಡುವುದು ಅವಸರದ ಮಾತಾದೀತು. ನೈಯಾಯಿಕರ ಜಾತಿ ನಿತ್ಯವಾದುದು, ಯಾರೂ ಮಾಡಿದ್ದಲ್ಲ, ವ್ಯಕ್ತಿಗಳೆಲ್ಲ ನಾಶವಾದರೂ ಅದು ಅಳಿಯದು; ಕ್ಲಾಸನ್ನು ಬರೆಯುವವರು ಬೇಕೆಂದಾಗ ತಿದ್ದುತ್ತಾರೆ, ಬೇಡವೆಂದಾಗ ಅಳಿಸುತ್ತಾರೆ. ಆಕಾಶ ಒಂದೇ ಆದ್ದರಿಂದ ಆಕಾಶತ್ವ ಜಾತಿಯಲ್ಲ ಎಂಬುದು ಉದಯನರ ಮತ್ತೊಂದು ಬಾಧಕ. ಪ್ರೋಗ್ರಾಂಗಳಲ್ಲಾದರೋ ಒಂದೇ ಆಬ್ಜೆಕ್ಟಿಗಾಗಿ ಕ್ಲಾಸ್ ಬರೆಯುವುದಕ್ಕೆ ‘ಸಿಂಗಲ್ಟನ್’ ಎಂಬ ಹೆಸರೇ ಇದೆ. ಈ ಲೆಕ್ಕದಲ್ಲಿ ಮೇಲೆ ಹೇಳಿದ ‘ಮತ್ತರು’ವಿನಂತಹ ಕ್ಲಾಸುಗಳು, ಮನುಷ್ಯರು ಗೊತ್ತುಮಾಡಿಕೊಂಡ ಕೋಲಿನ ಅಳತೆಯನ್ನೇ ಆಧರಿಸಿರುವುದರಿಂದ, ನೈಯಾಯಿಕರ ಪಟ್ಟಿಯಲ್ಲಿ ಜಾತಿಯ ಕೆಳಗಲ್ಲ, ಉಪಾಧಿಯ ಕೆಳಗೇ ಬರುತ್ತವೆ.