ಸಹಿ ಯಾರದು?

ಕ್ಯಾನ್ಸರ್ ಎಂಬ ಹೆಸರನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಹೇಳುವವರು ಇಂದಿಗೂ ವಿರಳ. ‘ಗಂಟು’ ಎನ್ನುತ್ತೇವೆ, ‘ಹುಣ್ಣು’ ಎನ್ನುತ್ತೇವೆ. ರೋಗಿಯ ಎದುರು ಅದನ್ನೂ ಅನ್ನುವುದಿಲ್ಲ. ಇದು ಪ್ರೀತಿಯಿಂದ ಹುಟ್ಟಿದ ಮೌನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಒಳಗಾಗುವವನಿಗೆ ತನ್ನ ದೇಹಕ್ಕೆ ಏನಾಗಲಿದೆಯೆಂದು ತಿಳಿಸದಿರುವುದು ಪ್ರೀತಿಯೆನಿಸೀತೇ?

ಬೇಗಂ ಬಜಾರಿನ ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. ಬೀದರ್, ಕಲಬುರಗಿ, ರಾಯಚೂರುಗಳಿಂದ ಚಿಕಿತ್ಸೆಗೆಂದು ಬರುವ ಬಂಧುಗಳು ಇಳಿದುಕೊಳ್ಳುವುದು ನಮ್ಮ ಮನೆಗಳಲ್ಲಿ. ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಗೂ, ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೂ ಅವರೊಡನೆ ಹೋಗುವವರು ನಾವು. ವೈದ್ಯರು ತೆಲುಗಿನಲ್ಲೋ ಉರ್ದುವಿನಲ್ಲೋ ಹೇಳಿದ ಹತ್ತು ಮಾತುಗಳಲ್ಲಿ ಎರಡನ್ನಷ್ಟೇ ಕನ್ನಡಕ್ಕೆ ತಿರುಗಿಸಿ, ‘ಏನೂ ಇಲ್ಲ ಕಾಕಾ, ಸಣ್ಣ ಆಪರೇಷನ್ನು’ ಎನ್ನುವ ದುಭಾಷಿಗಳೂ ನಾವೇ.

ಹಾಗಾದರೆ ಹೇಳಬೇಕಾದುದೇನು? ಗಡ್ಡೆ ಒಂದೇ ಕಡೆ ಇದ್ದಾಗ, ಅದರ ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆದರೆ ರೋಗ ಪೂರ್ಣ ಗುಣವಾಗುವುದುಂಟು. ಹರಡಿದ್ದರೆ, ನೋವನ್ನೋ ತಡೆಯನ್ನೋ ನಿವಾರಿಸಲೆಂದಷ್ಟೇ ಶಸ್ತ್ರಚಿಕಿತ್ಸೆ ಮಾಡುವುದುಂಟು. ತೆಗೆದ ಭಾಗದ ಪರೀಕ್ಷೆಯಾದ ಮೇಲೆ ವಿಕಿರಣ, ಔಷಧಗಳೂ ಬೇಕಾಗಬಹುದು. ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರಿನಲ್ಲಿ ನಾಲಿಗೆಯ ಇಲ್ಲವೆ ದವಡೆಯ ಭಾಗ ಹೋಗಿ, ಮಾತೂ ಊಟವೂ ಮೊದಲಿನಂತಿರದೆ ಇರಬಹುದು. ‘ಕತ್ತಿ ತಾಗಿದರೆ ರೋಗ ಹಬ್ಬುತ್ತದೆ’ ಎಂದು ನಂಬಿ ದಿನ ದೂಡುವವರು ಗುಣವಾಗುವ ಕಾಲವನ್ನೇ ಕಳೆದುಕೊಳ್ಳುತ್ತಾರೆ.

ಎಷ್ಟು ತೆಗೆಯಬೇಕೆಂಬುದೂ ಒಂದೇ ಸಮನಲ್ಲ. ಗಡ್ಡೆ ಚಿಕ್ಕದಿದ್ದಾಗ ಅದನ್ನಷ್ಟೇ ತೆಗೆದು ವಿಕಿರಣ ಕೊಟ್ಟರೆ ಸ್ತನವನ್ನು ಉಳಿಸಬಹುದು, ಆಯುಷ್ಯಕ್ಕೆ ಕೊರತೆಯಿಲ್ಲ ಎಂದು ಅಮೆರಿಕದ ಬರ್ನಾರ್ಡ್ ಫಿಶರ್ 1985ರಲ್ಲಿ ತೋರಿಸಿದರು. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಮಾತ್ರ ಬೇರೆ ಲೆಕ್ಕ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ 2015ರ ಅಧ್ಯಯನದಲ್ಲಿ, ಕುತ್ತಿಗೆಯ ಗ್ರಂಥಿಗಳನ್ನೂ ಮೊದಲೇ ತೆಗೆಸಿಕೊಂಡವರಲ್ಲಿ 3 ವರ್ಷಗಳ ನಂತರ ಶೇಕಡಾ 80ರಷ್ಟು ಜನ ಬದುಕಿದ್ದರು. ಕಾದು ನೋಡಿದವರಲ್ಲಿ ಶೇಕಡಾ 67.5. ಇಂಥ ಆಯ್ಕೆಗಳನ್ನು, ಏನೂ ತಿಳಿಯದವನು ಮಾಡುವುದೆಂತು?

ಕಾನೂನೂ ಇದನ್ನೇ ಹೇಳುತ್ತದೆ. ಅರಿವಳಿಕೆಯಲ್ಲಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ, ಜೀವಕ್ಕೆ ತುರ್ತು ಅಪಾಯವಿಲ್ಲದಿದ್ದಾಗ ವಯಸ್ಕ ರೋಗಿಯದೇ ಒಪ್ಪಿಗೆ ಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿತು.

‘ನಿಜ ಕೇಳಿ ಎದೆಯೊಡೆದರೆ?’ ಎಂಬ ಅಳುಕು ಸಹಜವೇ. ಆದರೆ ನಿಜವನ್ನು ಒಮ್ಮೆಗೇ ಎತ್ತಿಹಾಕಬೇಕೆಂದು ಯಾರೂ ಹೇಳುವುದಿಲ್ಲ. ‘ನಿಮಗೆ ಎಷ್ಟು ತಿಳಿಯಬೇಕು?’ ಎಂದು ಮೊದಲು ಕೇಳಬೇಕು. ‘ನನಗೇನೂ ಬೇಡ, ನೀವೇ ನೋಡಿಕೊಳ್ಳಿ’ ಎಂದರೆ ಅದೂ ಅವರ ನಿರ್ಧಾರವೇ, ಗೌರವಿಸೋಣ. ಕೇಳದೆಯೇ ನಾವು ನಿರ್ಧರಿಸುವುದು ಮಾತ್ರ ಅನ್ಯಾಯ. ಹೊಲದ ಪಾಲು, ಮಗಳ ಮದುವೆ, ತೀರಿಸಬೇಕಾದ ಸಾಲ — ಹಿರಿಯರ ಮನಸ್ಸಿನಲ್ಲಿ ಏನೇನು ಇರುತ್ತದೋ! ನಾಲಿಗೆಯ ಆಪರೇಷನ್ನಿಗೆ ಹೊರಟವರಿಗೆ ಮೊಮ್ಮಗಳನ್ನು ಹೆಸರು ಹಿಡಿದು ಮತ್ತೊಮ್ಮೆ ಕರೆಯಬೇಕೆಂಬ ಆಸೆಯಿದ್ದರೆ, ಆ ಅವಕಾಶವನ್ನು ಕಸಿದುಕೊಳ್ಳಲು ನಾವಾರು?

ಪರಭಾಷೆಯ ಊರಿನಲ್ಲಿ ರೋಗಿಗೆ ಕಿವಿಯೂ ಬಾಯಿಯೂ ನಾವೇ ಆಗಿರುವಾಗ ನಮ್ಮ ಹೊಣೆ ಇಮ್ಮಡಿಯಾಗುತ್ತದೆ. ಒಪ್ಪಿಗೆ ಪತ್ರದಲ್ಲಿ ಏನಿದೆಯೆಂದು ಕನ್ನಡದಲ್ಲಿ ನಿಧಾನವಾಗಿ ತಿಳಿಸೋಣ. ಅವರ ಪ್ರಶ್ನೆಗಳನ್ನು ವೈದ್ಯರಿಗೆ ಮುಟ್ಟಿಸೋಣ. ಆಮೇಲೆ ಪೆನ್ನನ್ನು ಅವರ ಕೈಗೇ ಕೊಡೋಣ.